ಗೋಬರ್ ಗ್ಯಾಸ್ ಗುಂಡಿಗೆ ಹೆಪ್ಪು ಹಾಕುವ ಬಗೆ

ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಹಳ್ಳಿಗಳಲ್ಲಿ ಕೊಟ್ಟಿಗೆಯ ಹಿಂಬದಿಗೆ ಹೋದರೆ ಎರಡು ಬಗೆಯ ಗೋಬರ್ ಗ್ಯಾಸ್ ಗುಂಡಿಗಳು ಕಾಣುತ್ತವೆ. ಒಂದು, ಇಪ್ಪತ್ತು ಇಪ್ಪತ್ತೈದು ವರ್ಷದಿಂದ ದಿನ ತಪ್ಪದೆ ಉರಿ ಕೊಡುತ್ತಿರುವಂಥದ್ದು. ಇನ್ನೊಂದು, ಕಟ್ಟಿದ ವರ್ಷವೇ ಸತ್ತು, ಈಗ ಮೇಲೆ ಹಲಸಿನ ಹಪ್ಪಳ ಒಣಗಿಸುವ ಕಟ್ಟೆಯಾಗಿರುವಂಥದ್ದು. ಏನಾಯಿತು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಮೇಸ್ತ್ರಿ ಸರಿ ಇರಲಿಲ್ಲ. ಇಂಥ ಹಲವು ಗುಂಡಿಗಳಿಗೆ ನಾನೂ ಇಣುಕಿದ್ದೇನೆ. ಮೇಸ್ತ್ರಿಯ ತಪ್ಪು ಇದ್ದದ್ದು ಕೆಲವಕ್ಕೆ ಮಾತ್ರ. ಉಳಿದವು ಕೆಟ್ಟದ್ದು ಮೊದಲ ಭರ್ತಿಯಲ್ಲಿ, ಮನೆಯವರ ಕೈಯಿಂದಲೇ. ಹಾಗಾಗಿ ಈ ಲೇಖನದಲ್ಲಿ ಕಟ್ಟುವ ಕೆಲಸಕ್ಕಿಂತ ತುಂಬುವ ಕೆಲಸದ ಮಾತೇ ಹೆಚ್ಚು.

ಇಷ್ಟು ತಾಪತ್ರಯ ಯಾಕೆ ಅನ್ನುವವರಿಗೆ ಒಂದು ಲೆಕ್ಕ. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಎಂದರೆ ಸುಮಾರು 0.45 ಕೆ.ಜಿ. ಅಡುಗೆ ಅನಿಲಕ್ಕೆ ಸಮ. ದಿನಕ್ಕೆ 2 ಘನ ಮೀಟರ್ ಬಂದರೆ 14.2 ಕೆ.ಜಿ.ಯ ಸಿಲಿಂಡರಿನ ಕೆಲಸ ಹದಿನಾರು ದಿನದಲ್ಲಿ ಆಗಿಹೋಗುತ್ತದೆ. ಇನ್ನು ವಾತಾವರಣದ ಲೆಕ್ಕ. ಒದ್ದೆ ಗೊಬ್ಬರದ ಗುಂಡಿಯಲ್ಲಿ ಸಗಣಿ ಗಾಳಿಯಾಡದೆ ಕೊಳೆತರೆ ಮೀಥೇನ್ ಹೊರಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿಯೇರಿಸುವ ಅನಿಲ. ಅದನ್ನೇ ಹಿಡಿದು ಒಲೆಯಲ್ಲಿ ಉರಿಸಿದರೆ ಅನ್ನವೂ ಬೆಂದಿತು, ಬೆಟ್ಟದ ಕಟ್ಟಿಗೆಯೂ ಉಳಿಯಿತು. ಆದರೆ ಸೋರುವ ಗುಂಡಿ ಇದ್ದರೆ ಈ ಲೆಕ್ಕ ಪೂರಾ ತಿರುಗುಮುರುಗು. ಬಯಲಲ್ಲಿ ಹರಡಿಕೊಂಡು ಒಣಗಬಹುದಾಗಿದ್ದ ಸಗಣಿಯಿಂದ ಬೇಕೆಂದೇ ಮೀಥೇನ್ ಮಾಡಿ ಆಕಾಶಕ್ಕೆ ಬಿಟ್ಟಂತೆ. ಸೋರುವ ಗುಂಡಿಗಿಂತ ಗುಂಡಿ ಇಲ್ಲದಿರುವುದೇ ಮೇಲು ಎಂದು ನಾನು ಹೇಳುವುದು ಇದಕ್ಕೇ.

1. ಹಸು ಎಣಿಸಬೇಡಿ, ಸಗಣಿ ತೂಗಿ

ಗುಂಡಿಯ ಅಳತೆ ಹೇಳುವುದು ದಿನಕ್ಕೆ ಕೊಡುವ ಗ್ಯಾಸಿನ ಲೆಕ್ಕದಲ್ಲಿ. ಒಂದು ಘನ ಮೀಟರ್ ಸಾಮರ್ಥ್ಯಕ್ಕೆ ದಿನಕ್ಕೆ 25 ಕೆ.ಜಿ. ಹಸಿ ಸಗಣಿ ಬೇಕು. ಕಾಗದದ ಮೇಲೆ "ಒಂದು ಹಸುವಿಗೆ 10 ಕೆ.ಜಿ., ಎಮ್ಮೆಗೆ 15 ಕೆ.ಜಿ." ಎಂದಿರುತ್ತದೆ. ನಮ್ಮ ಕುಳ್ಳ ನಾಟಿ ತಳಿ ಮಲೆನಾಡು ಗಿಡ್ಡಕ್ಕೆ ಆ ಕಾಗದ ಗೊತ್ತಿಲ್ಲ. ಹಗಲೆಲ್ಲ ಬೆಟ್ಟದಲ್ಲಿ ಮೇಯುವ ದನದ ಅರ್ಧ ಸಗಣಿ ಬೆಟ್ಟದಲ್ಲೇ ಉಳಿಯುತ್ತದೆ. ನಮ್ಮ ಮನೆಯಲ್ಲಿ ಎರಡು ಗಿಡ್ಡ, ಒಂದು ಜರ್ಸಿ ಮಿಶ್ರತಳಿ ಇದ್ದ ಕಾಲಕ್ಕೆ ಅಪ್ಪಯ್ಯ, "ಮದುವೆ ಮುಂಜಿಗೆ ಬೇಕಾಗ್ತದೆ" ಎಂದು 3 ಘನ ಮೀಟರಿನ ಗುಂಡಿ ಕಟ್ಟಿಸಿದರು. ಆಮೇಲೆ ತೂಗಿ ನೋಡಿದರೆ ದಿನಕ್ಕೆ ಸಿಗುತ್ತಿದ್ದದ್ದು 32 ಕೆ.ಜಿ. ಮಾತ್ರ. ಗ್ಯಾಸ್ ನಿಲ್ಲುವ ದೊಡ್ಡ ಗುಮ್ಮಟದಲ್ಲಿ ಇಷ್ಟೇ ಇದ್ದರೆ ಒತ್ತಡವೇ ಹುಟ್ಟುವುದಿಲ್ಲ. ಹಾಲು ಉಕ್ಕಿಸುವುದಕ್ಕೆ ಅಮ್ಮ ಅರ್ಧ ಗಂಟೆ ಕಾಯಬೇಕಿತ್ತು.

ಒಂದು ವಾರ ಬುಟ್ಟಿಯನ್ನು ತಕ್ಕಡಿಗೆ ಹಾಕಿ ಬರೆದಿಡಿ. ಸರಾಸರಿಗೆ ತಕ್ಕ ಗುಂಡಿ ಕಟ್ಟಿಸಿ. ಐದಾರು ಜನರ ಮನೆಗೆ 2 ಘನ ಮೀಟರ್, ಅಂದರೆ ದಿನಕ್ಕೆ 50 ಕೆ.ಜಿ. ಸಗಣಿ ಸಾಕು. ತೀರಾ ಚಿಕ್ಕದು ಮಾಡಿಸಿದರೂ ತಪ್ಪೇ. ಹೆಚ್ಚಾದ ಗ್ಯಾಸ್, ಕೊಳೆತ ಸಗಣಿಯ ಬಗ್ಗಡ ಹೊರಬರುವ ಔಟ್‌ಲೆಟ್ ತೊಟ್ಟಿಯಲ್ಲಿ ಬುಳುಬುಳು ಎಂದು ಗುಳ್ಳೆ ಎದ್ದು ಹಾಳಾಗುತ್ತದೆ.

ಸೊಪ್ಪು ಹಾಸುವ ಕೊಟ್ಟಿಗೆಯವರಿಗೆ ಒಂದು ತೊಡಕಿದೆ. ದನದ ಕಾಲಡಿ ದರಕು (ಒಣ ಎಲೆ), ಹಸಿಸೊಪ್ಪು ಸೇರಿಕೊಂಡ ಸಗಣಿ ಗುಂಡಿಗೆ ಹೋಗಬಾರದು. ಅದು ಒಳಗೆ ಮೇಲೆ ತೇಲಿ ಕೆನೆಗಟ್ಟಿ ಗ್ಯಾಸನ್ನೇ ತಡೆಯುತ್ತದೆ. ಬೆಳಿಗ್ಗೆ ದನ ಏಳಿಸಿದ ಕೂಡಲೇ, ತುಳಿಯುವ ಮೊದಲು, ಸಗಣಿ ಬಾಚಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

2. ಜಾಗ, ಮೇಸ್ತ್ರಿ

ಬಾವಿಯಿಂದ 15 ಮೀಟರ್ ದೂರ, ಬಿಸಿಲು ಬೀಳುವ ಕಡೆ, ಹಲಸಿನ ಮರದ ಬೇರಿಗೆ ಸಿಗದಂತೆ, ಕೊಟ್ಟಿಗೆಗೆ ಹತ್ತಿರ.

ಮಾದರಿಯಲ್ಲಿ ನನ್ನ ಆಯ್ಕೆ ದೀನಬಂಧು. 1984ರಲ್ಲಿ ಆಫ್‌ಪ್ರೊ (AFPRO) ಎಂಬ ಸಂಸ್ಥೆ ರೂಪಿಸಿದ, ನೆಲದೊಳಗೆ ಇಟ್ಟಿಗೆ ಗುಮ್ಮಟವಿರುವ ಗುಂಡಿ ಇದು. ತುಕ್ಕು ಹಿಡಿಯುವುದಕ್ಕೆ ಕಬ್ಬಿಣವಿಲ್ಲ, ಆಡುವ ಭಾಗವಿಲ್ಲ. ಖಾದಿ ಆಯೋಗದ ಹಳೆಯ ಡ್ರಮ್ ಮಾದರಿಯಲ್ಲಿ ಗ್ಯಾಸ್ ಎಷ್ಟಿದೆ ಎಂಬುದು ಡ್ರಮ್ಮಿನ ಎತ್ತರ ನೋಡಿದರೆ ತಿಳಿಯುತ್ತದೆ, ಒತ್ತಡವೂ ಏರಿಳಿಯದು. ನಿಜ. ಆದರೆ ಕುಮಟಾ, ಹೊನ್ನಾವರದ ಉಪ್ಪುಗಾಳಿಗೆ ಆ ಡ್ರಮ್ಮಿಗೆ ವರ್ಷ ವರ್ಷ ಬಣ್ಣ ಬಳಿಯುವವರು ಯಾರು? ಬಲೂನಿನಂಥ ಚೀಲದ ಘಟಕಗಳೂ ಈಗ ಸಿಗುತ್ತವೆ. ಇಲಿ, ಕೊಂಬಿನ ಕರು, ಬೀಳುವ ಅಡಿಕೆ ಹೆಡ ಇರುವ ಮನೆಗೆ ನಾನಂತೂ ಅದನ್ನು ಹೇಳುವುದಿಲ್ಲ.

ಮೇಸ್ತ್ರಿಗೆ ಕೊನೆಯ ಕಂತು ಕೊಡುವ ಮೊದಲು ನೀರು ತುಂಬಿ ಸೋರಿಕೆ ನೋಡಿ. ಗೇಟ್ ವಾಲ್ವಿಗೆ ಪಾರದರ್ಶಕ ನಳಿಗೆಯೊಂದನ್ನು ಯು ಆಕಾರದಲ್ಲಿ ಸಿಕ್ಕಿಸಿ, ಅದರಲ್ಲಿ ಬಣ್ಣದ ನೀರು ಹಾಕಿ. ಒಳಗಿನ ಗಾಳಿಯ ಒತ್ತಡಕ್ಕೆ ನಳಿಗೆಯ ನೀರು ಒಂದು ಬದಿಗೆ ಏರಿ ನಿಲ್ಲುತ್ತದೆ. ಗುರುತು ಹಾಕಿಟ್ಟು ಮರುದಿನ ಅದೇ ಹೊತ್ತಿಗೆ ನೋಡಿ. ಒಂದೆರಡು ಬೆರಳು ಇಳಿದರೆ ಪರವಾಗಿಲ್ಲ. ಅರ್ಧಕ್ಕೆ ಇಳಿದಿದ್ದರೆ ಗುಮ್ಮಟದ ಒಳಗಿನ ಗಿಲಾಯಿ ಮತ್ತೆ ಆಗಬೇಕು. ಔಟ್‌ಲೆಟ್ ತೊಟ್ಟಿಯ ಬಾಯಿ ನೆಲಮಟ್ಟದಿಂದ ಒಂದಡಿ ಮೇಲಿರಲಿ, ಮೇಲೆ ಹಾಸುಗಲ್ಲು ಇರಲಿ. ನಮ್ಮ ಆಷಾಢದ ಮಳೆ ಒಳಗೆ ನುಗ್ಗಿದರೆ ಗುಂಡಿ ತೊಳೆದುಹೋಗುತ್ತದೆ. ಮಕ್ಕಳು, ಕರುಗಳು ಬೀಳುವ ಭಯವಂತೂ ಇದ್ದೇ ಇದೆ.

ಸಬ್ಸಿಡಿ ಮೊತ್ತ ಬದಲಾಗುತ್ತಲೇ ಇರುತ್ತದೆ. ಕೆಲಸ ಶುರು ಮಾಡುವ ಮುಂಚೆಯೇ ಪಂಚಾಯಿತಿಯಲ್ಲಿ ವಿಚಾರಿಸಿ. ಕಟ್ಟಿ ಮುಗಿಸಿ ಅರ್ಜಿ ಹಿಡಿದುಕೊಂಡು ಅಲೆದವರು ಬಹಳ ಮಂದಿ.

3. ಮೊದಲ ಭರ್ತಿ: ಎಲ್ಲರೂ ಎಡವುವ ಜಾಗ

ಹೆಚ್ಚಿನವರು ಮಾಡುವುದು ಹೀಗೆ: ಗುಂಡಿ ಆಯಿತಲ್ಲ ಎಂದು ಮನೆಯ ಎರಡು ಹಸುಗಳ ಸಗಣಿಯನ್ನು ದಿನವೂ ಒಂದೊಂದು ಬುಟ್ಟಿ ಹಾಕುತ್ತ ಹೋಗುತ್ತಾರೆ. ಒಂದೂವರೆ ತಿಂಗಳಾದರೂ ಗುಂಡಿ ತುಂಬುವುದಿಲ್ಲ. ತುಂಬುವಷ್ಟರಲ್ಲಿ ಮೊದಲು ಹಾಕಿದ್ದು ಹುಳಿಯಾಗಿರುತ್ತದೆ. ನಾವೂ ಮೊದಲ ಸಲ ಹೀಗೇ ಮಾಡಿ ಕೆಟ್ಟೆವು. ವಾಲ್ವ್ ತಿರುಗಿಸಿದರೆ ಬುಸ್ ಎಂದು ಗಾಳಿ ಬರುತ್ತಿತ್ತು, ಕಡ್ಡಿ ಗೀರಿದರೆ ಕಡ್ಡಿಯೇ ಆರುತ್ತಿತ್ತು.

ಒಳಗೆ ನಡೆಯುವುದು ಇಷ್ಟು. ಗುಂಡಿಯಲ್ಲಿ ಎರಡು ತಂಡದ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವೆ. ಒಂದು ತಂಡ ಸಗಣಿಯನ್ನು ಮುರಿದು ಆಮ್ಲ ಮಾಡುತ್ತದೆ. ಇದು ಚುರುಕು, ಬೇಗ ಬೆಳೆಯುತ್ತದೆ. ಇನ್ನೊಂದು ತಂಡ ಆ ಆಮ್ಲವನ್ನು ತಿಂದು ಮೀಥೇನ್ ಮಾಡುತ್ತದೆ. ಇದು ಬಲು ನಿಧಾನ, ಗಾಳಿ ತಾಗಿದರೆ ಆಗದು, ಚಳಿಗೂ ಆಗದು. ಮೊದಲ ತಂಡ ಓಡಿ, ಎರಡನೆಯದು ಹಿಂದೆ ಬಿದ್ದರೆ ಗುಂಡಿ ಹುಳಿಯಾಯಿತು ಎಂದರ್ಥ. ಹಾಲು ಮೊಸರಾಗಬೇಕಾದರೆ ಒಳ್ಳೆಯ ಮನೆಯ ಹೆಪ್ಪು ಬೇಕು. ಇಲ್ಲೂ ಹಾಗೇ.

ಕಾಲ: ಮಾರ್ಚ್, ಏಪ್ರಿಲ್. ಈ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಆಸುಪಾಸು ಹಿತ, 20ರ ಕೆಳಗೆ ಇಳಿದರೆ ಜಡ. ಮಳೆಗಾಲದಲ್ಲಿ ಮೊದಲ ಭರ್ತಿ ಮಾಡಲೇಬೇಡಿ.

ಸಗಣಿ: ಸಗಣಿ ಗುಂಡಿಯೊಳಗೆ 40 ದಿನ ಉಳಿಯುವ ಅಳತೆಯ ಗುಂಡಿ ಎಂದಿಟ್ಟುಕೊಳ್ಳಿ. 2 ಘನ ಮೀಟರಿನ ಗುಂಡಿಗೆ ದಿನಕ್ಕೆ 50 ಕೆ.ಜಿ. ಸಗಣಿ, 50 ಲೀಟರ್ ನೀರು. ನಲವತ್ತು ದಿನದ್ದು ಒಟ್ಟಿಗೆ ಎಂದರೆ 2,000 ಕೆ.ಜಿ. ಸಗಣಿ. ಎರಡು ಟನ್. ಮನೆಯ ಕೊಟ್ಟಿಗೆ ನೆಚ್ಚಿಕೊಂಡರೆ ಆಗದು. ಅಕ್ಕಪಕ್ಕದ ನಾಲ್ಕು ಮನೆಗೆ ಮೊದಲೇ ಹೇಳಿಟ್ಟು ಟ್ರ್ಯಾಕ್ಟರಿನಲ್ಲಿ ತನ್ನಿ. ಹತ್ತು ಹನ್ನೆರಡು ದಿನದ ಸಗಣಿಯನ್ನು ನೆರಳಲ್ಲಿ, ಒಣಗದಂತೆ ಒದ್ದೆ ಗೋಣಿ ಮುಚ್ಚಿ ಇಟ್ಟರೂ ನಡೆದೀತು. ಒಣಗಿ ಕುರುಳಾದದ್ದು ಬೇಡ. ಫಿನಾಯಿಲ್ ಹಾಕಿ ತೊಳೆದ ಕೊಟ್ಟಿಗೆಯದು ಬೇಡ, ಆಂಟಿಬಯೋಟಿಕ್ ಚುಚ್ಚಿಸಿಕೊಂಡ ದನದ್ದೂ ಬೇಡ.

ಕಲಸುವುದು: ಒಂದು ಬುಟ್ಟಿಗೆ ಅಷ್ಟೇ ನೀರು. ಹದ ನೀರ್‌ದೋಸೆಯ ಹಿಟ್ಟಿನದ್ದಲ್ಲ, ಉದ್ದಿನ ದೋಸೆಯ ಹಿಟ್ಟಿನದ್ದು. ತೆಳುವಾದರೆ ಒಳಗೆ ಸಗಣಿ ಕೆಳಗೆ, ನೀರು ಮೇಲೆ ಆಗಿ ನಿಲ್ಲುತ್ತದೆ. ಗಟ್ಟಿಯಾದರೆ ಗುಳ್ಳೆ ಮೇಲೇರದು. ಕೈ ಹಾಕಿಯೇ ಕಲಸಿ. ಕೋಲಿನಲ್ಲಿ ತಿರುವಿದರೆ ಗಂಟು ಹಾಗೇ ಉಳಿಯುತ್ತದೆ, ಕಲ್ಲು, ಕಡ್ಡಿ ಕೈಗೆ ಸಿಗುವುದಿಲ್ಲ. ಇನ್‌ಲೆಟ್ ತೊಟ್ಟಿಯಲ್ಲಿ ಐದು ನಿಮಿಷ ನಿಲ್ಲಿಸಿದರೆ ಮರಳು ಅಡಿಗೆ ಕೂರುತ್ತದೆ. ಆಮೇಲೆ ತೂಬು ತೆಗೆಯಿರಿ, ಕೂತ ಮರಳನ್ನು ಎತ್ತಿ ಹೊರಗೆ ಹಾಕಿ.

ಹೆಪ್ಪು: ಚೆನ್ನಾಗಿ ಉರಿಯುತ್ತಿರುವ ಗುಂಡಿಯ ಔಟ್‌ಲೆಟ್ಟಿನಿಂದ ಬಗ್ಗಡ ತನ್ನಿ. ಒಟ್ಟು 4,000 ಲೀಟರಿಗೆ ಹತ್ತರಲ್ಲೊಂದು ಪಾಲು, 400 ಲೀಟರ್. ಇಪ್ಪತ್ತು ಲೀಟರಿನ ಇಪ್ಪತ್ತು ಕ್ಯಾನ್. ಬಿಸಿಲಲ್ಲಿ ಇಡದೆ ಅದೇ ದಿನ ಸುರಿಯಿರಿ, ಮೊದಲ ದಿನವೇ ಅರ್ಧ, ಉಳಿದದ್ದು ಭರ್ತಿಯ ನಡುವೆ. ಅಂಗಡಿಯಲ್ಲಿ "ಗ್ಯಾಸ್ ಹೆಚ್ಚಿಸುವ ಬ್ಯಾಕ್ಟೀರಿಯಾ ಪುಡಿ" ಎಂದು ಡಬ್ಬಿ ಮಾರುತ್ತಾರೆ. ಒಮ್ಮೆ ತಂದು ಹಾಕಿದ್ದೇನೆ. ಬೆಲ್ಲದ ನೀರಿನಲ್ಲಿ ನೆನೆಸಿ ಎಂದು ಬೇರೆ ಬರೆದಿತ್ತು. ಗುಂಡಿ ಇನ್ನಷ್ಟು ಹುಳಿಯಾಯಿತು. ನೆರೆಮನೆಯ ಬಗ್ಗಡಕ್ಕೆ ಸಮ ಯಾವುದೂ ಇಲ್ಲ, ಅದಕ್ಕೆ ದುಡ್ಡೂ ಇಲ್ಲ.

ತುಂಬುವುದು: ನಾಲ್ಕೈದು ದಿನ, ಹೆಚ್ಚೆಂದರೆ ವಾರದೊಳಗೆ ಮುಗಿಸಿ. ತುಂಬುವಷ್ಟು ದಿನವೂ ಗುಮ್ಮಟದ ವಾಲ್ವ್ ತೆರೆದೇ ಇರಲಿ, ಒಳಗಿನ ಗಾಳಿ ಹೊರಗೆ ಹೋಗಬೇಕು. ಔಟ್‌ಲೆಟ್ ತೊಟ್ಟಿಯ ತಳಕ್ಕೆ ಬಗ್ಗಡ ಬಂತೆಂದರೆ ನಿಲ್ಲಿಸಿ. "ಇನ್ನೆರಡು ಬುಟ್ಟಿ ಇದೆಯಲ್ಲ" ಎಂದು ತೊಟ್ಟಿ ತುಂಬ ಸುರಿದರೆ ಗ್ಯಾಸ್ ನಿಲ್ಲುವುದಕ್ಕೆ ಜಾಗವಿಲ್ಲದೆ ಬಗ್ಗಡ ಪೈಪಿಗೇ ಏರುತ್ತದೆ. ವಾಲ್ವ್ ಮುಚ್ಚಿ. ಇನ್ನು ದಿನದ ಸಗಣಿ ಹಾಕಬೇಡಿ.

ಕಾಯುವುದು: ಇದೇ ಕಷ್ಟ. ಏಳು ದಿನಕ್ಕೂ ಬಂದೀತು, ಇಪ್ಪತ್ತು ದಿನವೂ ಆದೀತು. ಔಟ್‌ಲೆಟ್ ತೊಟ್ಟಿಯ ಗೋಡೆಗೆ ಇದ್ದಿಲಿನಲ್ಲಿ ಗೆರೆ ಎಳೆದಿಡಿ. ಒಳಗೆ ಗ್ಯಾಸ್ ಸೇರಿದಂತೆ ಅದು ಬಗ್ಗಡವನ್ನು ಕೆಳಕ್ಕೆ ಒತ್ತುತ್ತದೆ, ಒತ್ತಿದ್ದು ಔಟ್‌ಲೆಟ್‌ನಲ್ಲಿ ಮೇಲೇರುತ್ತದೆ. ಗೆರೆ ಮುಳುಗಿದರೆ ಗ್ಯಾಸ್ ಹುಟ್ಟಿದೆ.

ಆದರೆ ಮೊದಲು ಬರುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್, ಜೊತೆಗೆ ಉಳಿದ ಗಾಳಿ. ಉರಿಯುವುದಿಲ್ಲ. ಅದನ್ನು ಪೂರ್ತಿ ಹೊರಗೆ ಬಿಟ್ಟು ಮತ್ತೆ ಮುಚ್ಚಿ. ಎರಡನೆಯ ಸಲದ್ದನ್ನೂ ಬಿಡಿ. ಆ ಹೊತ್ತಿಗೆ ಹತ್ತಿರದಲ್ಲಿ ಬೀಡಿ, ಲಾಟೀನು, ಯಾವುದೂ ಬೇಡ. ಗುಮ್ಮಟದ ಬಾಯಲ್ಲಿ ಎಂದಿಗೂ ಕಡ್ಡಿ ಗೀರಬೇಡಿ. ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡಾ ಬೆರೆತರೆ ಅದು ಸಿಡಿಯುವ ಮಿಶ್ರಣ. ಪರಿಚಯದವರೊಬ್ಬರು ಹೀಗೆ ಬಗ್ಗಿ ನೋಡಲು ಹೋಗಿ ಹುಬ್ಬು, ಮೀಸೆ ಕಳೆದುಕೊಂಡರು. ಅಷ್ಟರಲ್ಲೇ ಮುಗಿದದ್ದು ಅವರ ಪುಣ್ಯ. ಪರೀಕ್ಷೆ ಏನಿದ್ದರೂ ಅಡುಗೆಮನೆಯ ಒಲೆಯಲ್ಲಿ, ಮೂರನೆಯ ಸಲದ ಗ್ಯಾಸಿಗೆ.

ನೀಲಿ ಉರಿ ನಿಂತು ಉರಿದ ಮೇಲೆ ದಿನದ ಸಗಣಿ ಶುರು. ಮೊದಲ ವಾರ ಕಾಲುಪಾಲು, ಎರಡನೆಯ ವಾರ ಅರ್ಧ, ಆಮೇಲೆ ಪೂರ್ತಿ. ಹುಳಿವಾಸನೆ ಬಂದು ನೊರೆ ಎದ್ದರೆ ಹಾಕುವುದನ್ನು ನಿಲ್ಲಿಸಿ, ಇನ್ನೊಂದಿಷ್ಟು ಹೆಪ್ಪು ಸುರಿದು ವಾರ ಬಿಡಿ. ಅಂಗಡಿಯ ಪಿಎಚ್ ಕಾಗದ ಅದ್ದಿ ನೋಡಬಹುದು. 7ರ ಆಸುಪಾಸು ಸರಿ, 6.5ಕ್ಕಿಂತ ಕೆಳಗಾದರೆ ಕಾಯಿಲೆ.

4. ಪೈಪು, ಒಲೆ

ಗ್ಯಾಸಿನ ಜೊತೆ ನೀರಾವಿಯೂ ಬರುತ್ತದೆ, ಪೈಪಿನಲ್ಲಿ ತಣಿದು ನೀರಾಗುತ್ತದೆ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಕೊಟ್ಟು, ತಗ್ಗಿನಲ್ಲಿ ನೀರು ಬಿಡುವ ನಲ್ಲಿ ಹಾಕಿಸಿ. ಪೈಪ್ ಎಲ್ಲೂ ಜೋತುಬೀಳಬಾರದು. ಉರಿ ಪಕ್ ಪಕ್ ಎಂದು ಕುಣಿದರೆ ಗುಂಡಿ ಕೆಟ್ಟಿಲ್ಲ, ಪೈಪಿನಲ್ಲಿ ನೀರಿದೆ. ಒಲೆಗೆ ಜೋಡಿಸುವ ತುಂಡಿಗೆ ತೋಟದ ಹಸಿರು ಪೈಪ್ ಬೇಡ, ಒಂದೇ ವರ್ಷಕ್ಕೆ ಸೀಳುತ್ತದೆ. ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ.

ಸಿಲಿಂಡರಿನ ಒಲೆಗೇ ಇದನ್ನು ಸಿಕ್ಕಿಸುವ ಉಪಾಯ ಎಲ್ಲರ ತಲೆಗೂ ಬರುತ್ತದೆ. ಅದರ ಜೆಟ್ಟಿನ ತೂತು ಈ ಗ್ಯಾಸಿಗೆ ಚಿಕ್ಕದು. ಗೋಬರ್ ಗ್ಯಾಸಿಗೆಂದೇ ಇರುವ ಬರ್ನರ್ ತನ್ನಿ.

5. ದಿನದ ಪಾಡು

ಬೆಳಿಗ್ಗೆ ಸಗಣಿ, ನೀರು, ಹತ್ತು ನಿಮಿಷದ ಕೆಲಸ. ಡಿಸೆಂಬರ್, ಜನವರಿಯಲ್ಲಿ ಗ್ಯಾಸ್ ಕಡಿಮೆಯಾದರೆ ಕಲಸುವ ನೀರಿಗೆ ಬಚ್ಚಲ ಹಂಡೆಯ ಬಿಸಿನೀರು ಸೇರಿಸಿ ಬೆಚ್ಚಗೆ ಮಾಡಿ, ಬಿಸಿಲೇರಿದ ಮೇಲೆ ಹಾಕಿ. ಅಂದಹಾಗೆ, ಅಡುಗೆಗೆ ಗ್ಯಾಸ್ ಬಂದ ಮಾತ್ರಕ್ಕೆ ಕಟ್ಟಿಗೆ ಕೊಟ್ಟಿಗೆ ಖಾಲಿಯಾಗುವುದಿಲ್ಲ. ನಮ್ಮಲ್ಲಿ ಕಟ್ಟಿಗೆ ತಿನ್ನುವುದು ಬಚ್ಚಲೊಲೆ. ಅದಕ್ಕೆ ಸೋಲಾರ್ ಹಾಕಿಸಿ, ಮಳೆಗಾಲಕ್ಕೆ ಅಡಿಕೆ ಸಿಪ್ಪೆ ಉಳಿಸಿಕೊಳ್ಳಿ.

ಹೊರಬಂದ ಬಗ್ಗಡವನ್ನು ಚರಂಡಿಗೆ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗ್ಯಾಸ್ ತೆಗೆದರೂ ಸಗಣಿಯ ಸಾರಜನಕ ಅದರಲ್ಲೇ ಇರುತ್ತದೆ. ಕೊಟ್ಟಿಗೆಯ ದರಕು, ಸೊಪ್ಪು ಹಾಕಿದ ಗೊಬ್ಬರದ ಗುಂಡಿಯ ಮೇಲೆ ಅದನ್ನು ಸುರಿದರೆ ಸೊಪ್ಪು ಬೇಗ ಕೊಳೆಯುತ್ತದೆ, ತೋಟಕ್ಕೆ ಹೊರುವುದೂ ಸುಲಭ.

ಗುಂಡಿ ಖಾಲಿ ಮಾಡಿಸುವ ದಿನ ಬಂದರೆ ಒಳಗೆ ಯಾರನ್ನೂ ಸುಮ್ಮನೆ ಇಳಿಸಬೇಡಿ. ಬಗ್ಗಡ ತೆಗೆದ ಮೇಲೂ ಒಳಗೆ ಉಸಿರುಗಟ್ಟಿಸುವ ಅನಿಲ ಕೂತಿರುತ್ತದೆ. ಒಬ್ಬ ಬಿದ್ದ, ಎತ್ತಲು ಇನ್ನೊಬ್ಬ ಇಳಿದ ಎಂದು ಜೋಡಿ ಸಾವಾಗುವುದು ಹೀಗೇ. ಈ ಕೆಲಸ ಬಲ್ಲವರನ್ನೇ ಕರೆಸಿ.

ಪೈಪಿನ ನೀರು ಬಿಡುವುದನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ಮನೆಯಲ್ಲಿ ಅಮ್ಮ ಅದಕ್ಕೆ ಅಮಾವಾಸ್ಯೆ, ಹುಣ್ಣಿಮೆ ಗೊತ್ತು ಮಾಡಿಕೊಂಡಿದ್ದಾಳೆ. ನಲ್ಲಿಯ ಕೆಳಗೆ ಹಳೆಯ ಚೆಂಬು ಇಟ್ಟು ತಿರುಗಿಸುತ್ತಾಳೆ, ಮಳೆಗಾಲದಲ್ಲಿ ಅರ್ಧ ಚೆಂಬು ಬೀಳುತ್ತದೆ, ಬೇಸಿಗೆಯಲ್ಲಿ ನಾಲ್ಕು ಹನಿ.