ವಾರ್ಡಿಗೆ ಕಂಪ್ಯೂಟರ್ ಬಂದಾಗ: ಶುಶ್ರೂಷಾಧಿಕಾರಿಯಾಗಿ ನನ್ನ ಅನುಭವ

ಆರೋಗ್ಯ ದಾಖಲೆಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೇಂದ್ರ ಸರ್ಕಾರದ ಯೋಜನೆಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಜಾರಿಗೆ ಬಂದ ಮೇಲೆ, ನಾನು ಹಿರಿಯ ಶುಶ್ರೂಷಾಧಿಕಾರಿಯಾಗಿರುವ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಹೊರರೋಗಿ ಚೀಟಿಯಿಂದ ಹಿಡಿದು ಔಷಧದ ಇಂಡೆಂಟ್ ಅಂದರೆ ಬೇಡಿಕೆ ಪಟ್ಟಿಯವರೆಗೆ ಒಂದೊಂದೇ ಕೆಲಸ ಕಂಪ್ಯೂಟರಿಗೆ ಏರತೊಡಗಿತು. ವಾರ್ಡಿನ ಸಿಬ್ಬಂದಿಗೆ ಅದನ್ನು ರೂಢಿ ಮಾಡಿಸುವ ಹೊಣೆ ನನ್ನ ಪಾಲಿಗೆ ಬಂತು.

ಕಲಿಸುವುದಕ್ಕೆ ಮುಂಚೆ ಮೂರೂ ಪಾಳಿಯವರನ್ನು ಕೂರಿಸಿಕೊಂಡು ಅವರ ಅಳುಕೇನು ಎಂದು ಕೇಳಿದೆ. ಈ ವಯಸ್ಸಿನಲ್ಲಿ ನಮಗೆ ಬರುವುದಿಲ್ಲ ಎಂದವರೂ ಮೊಬೈಲಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುತ್ತಿದ್ದರು. ಅವರನ್ನು ನಿಜವಾಗಿ ಕಾಡುತ್ತಿದ್ದುದು ಒಂದೇ ವಿವರವನ್ನು ರಿಜಿಸ್ಟರ್‌ನಲ್ಲಿಯೂ ಪರದೆಯಲ್ಲಿಯೂ ಎರಡೆರಡು ಸಲ ಬರೆಯುವ ಹೊರೆ ಮತ್ತು ತಮ್ಮ ಲಾಗಿನ್‌ನಲ್ಲಿ ಬೇರೆಯವರು ಮಾಡಿದ ತಪ್ಪಿಗೆ ತಾವು ಉತ್ತರ ಕೊಡಬೇಕಾದೀತು ಎಂಬ ಭಯ. ಎರಡೂ ನ್ಯಾಯವಾದ ದೂರುಗಳೇ. ಆಡಳಿತ ವೈದ್ಯಾಧಿಕಾರಿಗಳೊಂದಿಗೆ ಕುಳಿತು ಪ್ರತಿ ರಿಜಿಸ್ಟರನ್ನೂ ಪರಿಶೀಲಿಸಿದೆವು. ದಾಖಲಾತಿ ರಿಜಿಸ್ಟರಿನ ಬದಲು ದಿನದ ಮುದ್ರಿತ ಪ್ರತಿಗೆ ಸಹಿ ಮಾಡಿ ಫೈಲಿಗೆ ಸೇರಿಸುವುದೆಂದೂ, ಮಾದಕ ಔಷಧಗಳ ಮತ್ತು ಎಂಎಲ್‌ಸಿ (ಅಪಘಾತ, ಹಲ್ಲೆಯಂಥ ಕಾನೂನು ಸಂಬಂಧಿ ವೈದ್ಯಕೀಯ) ಪ್ರಕರಣಗಳ ರಿಜಿಸ್ಟರ್‌ಗಳು ಕೈಬರಹದಲ್ಲಿಯೇ ಇರಲಿ ಎಂದೂ ತೀರ್ಮಾನವಾಯಿತು. ಪ್ರತಿಯೊಬ್ಬರಿಗೂ ಅವರವರದೇ ಲಾಗಿನ್ ಮಾಡಿಸಿದೆವು.

ತರಬೇತಿಯನ್ನು ಸಭಾಂಗಣದಿಂದ ವಾರ್ಡಿಗೆ ತಂದದ್ದು ಹೆಚ್ಚು ಫಲ ಕೊಟ್ಟಿತು. ಡ್ಯೂಟಿ ಬದಲಾಗುವ ಹೊತ್ತಿನಲ್ಲಿ, ಆ ದಿನ ದಾಖಲಾದ ರೋಗಿಯ ಕೇಸ್ ಶೀಟನ್ನೇ ಮುಂದಿಟ್ಟುಕೊಂಡು ಕಲಿಯುತ್ತಿದ್ದೆವು. ಹಿರಿಯರೊಬ್ಬರಿಗೆ ಕಿರಿಯರೊಬ್ಬರನ್ನು ಜೊತೆ ಮಾಡಿದಾಗ, ಕಿರಿಯರು ಅವಸರಕ್ಕೆ ಮೌಸನ್ನು ತಾವೇ ಹಿಡಿದು ಕೆಲಸ ಮುಗಿಸಿಬಿಡುತ್ತಿದ್ದರು. ಹಿರಿಯರು ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದರು. ಆದ್ದರಿಂದ ಎಷ್ಟು ತಡವಾದರೂ ಕೀಬೋರ್ಡ್ ಕಲಿಯುವವರ ಕೈಯಲ್ಲಿಯೇ ಇರಬೇಕು, ಹೇಳಿಕೊಡುವವರು ಬಾಯಲ್ಲಿ ಮಾತ್ರ ಹೇಳಬೇಕು ಎಂದು ನಿಯಮ ಮಾಡಿದೆ. ಇದೊಂದನ್ನು ನಾನು ಎಲ್ಲ ಆಸ್ಪತ್ರೆಗಳಿಗೂ ಒತ್ತಿ ಹೇಳುತ್ತೇನೆ.

ಹೆಸರು ಹುಡುಕುವುದು ದೊಡ್ಡ ತೊಡಕಾಯಿತು. ಲಕ್ಷ್ಮಮ್ಮ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದು, ಒಬ್ಬರೇ ರೋಗಿ ಕಂಪ್ಯೂಟರಿನಲ್ಲಿ ಮೂವರಾಗಿ ಕುಳಿತಿದ್ದರು. ಅವರ ಹಳೆಯ ರಕ್ತಪರೀಕ್ಷೆಯ ವರದಿ ಸಿಗದೆ ಸಿಸ್ಟರ್ ಪರದಾಡುತ್ತಿದ್ದರು. ಅಂದಿನಿಂದ ಈ ಮಿಷನ್ ಅಡಿಯಲ್ಲಿ ಪ್ರತಿ ವ್ಯಕ್ತಿಗೆ ಕೊಡುವ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆಯಾದ ಆಭಾ ಸಂಖ್ಯೆ ಅಥವಾ ಚೀಟಿಯ ಮೇಲಿನ ನೋಂದಣಿ ಸಂಖ್ಯೆಯಿಂದಲೇ ಹುಡುಕುವುದು, ಮನೆಮಂದಿಗೆಲ್ಲ ಒಂದೇ ಮೊಬೈಲ್ ಇದ್ದರೆ ವಯಸ್ಸನ್ನೂ ಊರನ್ನೂ ಕೇಳಿ ಖಚಿತಪಡಿಸಿಕೊಳ್ಳುವುದು ರೂಢಿಯಾಯಿತು.

ಹಿರಿಯರ ಅನುಭವ ಇಲ್ಲಿ ಹಳತಾಗುವುದಿಲ್ಲ. ಮಗುವೊಂದರ ತೂಕ 6.2 ಕೆ.ಜಿ. ಬದಲು 62 ಎಂದು ನಮೂದಾದುದನ್ನು, ಔಷಧದ ಪ್ರಮಾಣ ಲೆಕ್ಕ ಹಾಕುವ ಮೊದಲೇ ಗುರುತಿಸಿದವರು ಕಂಪ್ಯೂಟರ್ ಬಾರದೆಂದು ಹಿಂಜರಿಯುತ್ತಿದ್ದ ಸಿಸ್ಟರೇ. ತೊಟ್ಟಿಲಿನ ಕೂಸನ್ನು ಕಣ್ಣಾರೆ ನೋಡಿದ್ದರಿಂದ ಅವರಿಗೆ ಅದು ತಕ್ಷಣ ಹೊಳೆಯಿತು. ಆ ಸಂಗತಿಯನ್ನು ನಾನು ಪ್ರತಿ ತರಬೇತಿಯಲ್ಲಿಯೂ ಹೇಳುತ್ತೇನೆ.

ಕರೆಂಟ್ ಅಥವಾ ನೆಟ್‌ವರ್ಕ್ ಹೋದಾಗ ಬರೆದಿಡಲು, ಪರದೆಯಲ್ಲಿರುವ ಅನುಕ್ರಮದಲ್ಲಿಯೇ ಅಂಕಣಗಳಿರುವ ಹಾಳೆಗಳನ್ನು ಮಾಡಿಸಿದ್ದೇವೆ. ನಂತರ ನಮೂದಿಸುವಾಗ ಔಷಧ ಕೊಟ್ಟ ನಿಜವಾದ ಸಮಯವನ್ನೇ ಹಾಕಬೇಕು. ಆದರೆ ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಇರುವಾಗ ರೋಗಿಯನ್ನು ಬಿಟ್ಟು ಕಂಪ್ಯೂಟರ್ ಮುಂದೆ ಕೂರುವುದು ಸಾಧ್ಯವಿಲ್ಲ. ಅದು ತರಬೇತಿಯಿಂದ ಬಗೆಹರಿಯುವ ವಿಷಯವೂ ಅಲ್ಲ. ರಾತ್ರಿಗೆ ಇನ್ನೊಬ್ಬರು ಬೇಕು ಎಂದು ಲಿಖಿತವಾಗಿಯೇ ಕೇಳಿದ್ದೇವೆ.