ಎಸ್‌ಯುವಿ ಕೊಳ್ಳುವ ಮುಂಚೆ ಮಾಲೀಕರ ಹತ್ತಿರ ಏನು ಕೇಳಬೇಕು?

ಎಸ್‌ಯುವಿ ಇಟ್ಟುಕೊಂಡವರನ್ನು ‘ಗಾಡಿ ಹೇಗಿದೆ?’ ಅಂತ ಕೇಳಿ ನೋಡಿ. ಬಹಳ ಮಂದಿ ‘ಸೂಪರ್ ಸರ್, ಕಣ್ಣು ಮುಚ್ಚಿ ತಗೊಳ್ಳಿ’ ಅನ್ನುತ್ತಾರೆ. ಹದಿನೆಂಟು ಲಕ್ಷ ಸುರಿದವರು ಬೇರೇನು ಹೇಳಿಯಾರು, ಅಲ್ವಾ? ಒಬ್ಬಿಬ್ಬರು ಮಾತ್ರ ‘ಅದರ ಸಹವಾಸವೇ ಬೇಡ’ ಅಂತ ಕೈ ಮುಗಿಯುತ್ತಾರೆ. ಇವೆರಡೂ ಉತ್ತರ ಕಟ್ಟಿಕೊಂಡು ನೀವು ಏನೂ ಮಾಡುವಂತಿಲ್ಲ.

ಹಾಗಂತ ಮಾಲೀಕರ ಮಾತು ಬೇಡವೇ ಬೇಡ ಅಂತಲ್ಲ. ಶೋರೂಮಿನ ಪುಸ್ತಕದಲ್ಲಿ ಇರದ ವಿಷಯ ಅವರಿಗೇ ಗೊತ್ತಿರುವುದು. ಆದರೆ ಅದನ್ನು ಹೊರಗೆ ತೆಗೆಯಲು ಸರಿಯಾದ ಪ್ರಶ್ನೆ ಬೇಕು. ಆ ಉತ್ತರವನ್ನು ನಿಮ್ಮ ಓಡಾಟಕ್ಕೆ ಹೊಂದಿಸಿ ನೋಡುವ ತಾಳ್ಮೆಯೂ ಬೇಕು.

ಹಂತ 1: ಮೊದಲು ನಿಮ್ಮ ಓಡಾಟ ಬರೆದಿಡಿ

ತಿಂಗಳಿಗೆ ಎಷ್ಟು ಕಿ.ಮೀ. ಓಡಿಸುತ್ತೀರಿ? ಅದರಲ್ಲಿ ಪೇಟೆಯೊಳಗೆ ಎಷ್ಟು, ಹೈವೇಯಲ್ಲಿ ಎಷ್ಟು? ಒಂದು ಸಲ ಗಾಡಿ ಸ್ಟಾರ್ಟ್ ಮಾಡಿದರೆ ಎಷ್ಟು ದೂರ ಹೋಗುತ್ತೀರಿ? ವರ್ಷಕ್ಕೆ ಎಷ್ಟು ಸಲ ಘಾಟಿ ಹತ್ತುತ್ತೀರಿ, ಆಗ ಗಾಡಿಯಲ್ಲಿ ಎಷ್ಟು ಜನ ಇರುತ್ತಾರೆ? ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಸಾಕು. ಮುಂದಿನ ಲೆಕ್ಕವೆಲ್ಲ ಈ ಚೀಟಿಯ ಮೇಲೆ ನಿಂತಿದೆ.

ಹೆಚ್ಚಿನವರು ತಮ್ಮ ಓಡಾಟವನ್ನು ಜಾಸ್ತಿಯೇ ಅಂದಾಜು ಮಾಡಿಕೊಳ್ಳುತ್ತಾರೆ. ಹಾಗಾಗಿ ಈಗಿರುವ ಕಾರಿನ ಓಡೋಮೀಟರ್ ನೋಡಿ, ಕೊಂಡು ಎಷ್ಟು ತಿಂಗಳಾಯಿತೋ ಅದರಿಂದ ಭಾಗಿಸಿ. ‘ನಾವು ತುಂಬಾ ಲಾಂಗ್ ಹೋಗ್ತೀವಿ’ ಅನ್ನುವವರ ಲೆಕ್ಕ ಎಷ್ಟೋ ಸಲ ತಿಂಗಳಿಗೆ 800 ಕಿ.ಮೀ. ಕೂಡ ದಾಟಿರುವುದಿಲ್ಲ.

ಹಂತ 2: ಯಾರನ್ನು ಕೇಳಬೇಕು?

ಮೂರು ತಿಂಗಳ ಹಿಂದೆ ಗಾಡಿ ಕೊಂಡವರನ್ನು ಕೇಳಬೇಡಿ. ಅವರಿನ್ನೂ ಸನ್‌ರೂಫ್ ತೆಗೆದು ಮುಚ್ಚುವ ಖುಷಿಯಲ್ಲಿರುತ್ತಾರೆ. ನಿಮಗೆ ಬೇಕಾದವರು 40 ಸಾವಿರ ಕಿ.ಮೀ. ದಾಟಿದವರು. ಅಷ್ಟು ಹೊತ್ತಿಗೆ ಟೈರ್, ಬ್ರೇಕ್ ಪ್ಯಾಡ್, ಬ್ಯಾಟರಿ, ಕ್ಲಚ್, ಸಸ್ಪೆನ್ಷನ್ ಬುಷ್ ಒಂದೊಂದಾಗಿ ಖರ್ಚಿಗೆ ಬರಲು ಶುರುವಾಗಿರುತ್ತವೆ. ಗಾಡಿಯ ನಿಜವಾದ ಸ್ವಭಾವ ಕಾಣುವುದು ಆಗಲೇ.

ಇವರು ಸಿಗುವ ಜಾಗ ಅಂದರೆ ಅದೇ ಕಂಪನಿಯ ಸರ್ವಿಸ್ ಸೆಂಟರ್. ಶನಿವಾರ ಬೆಳಿಗ್ಗೆ ಹೋಗಿ ಕಾಯುವ ಕೋಣೆಯಲ್ಲಿ ಕೂತುಕೊಳ್ಳಿ. ಕಾದು ಬೇಜಾರಾದವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಬಿಲ್ ಕೈಗೆ ಬಂದ ಮೇಲಂತೂ ಇನ್ನೂ ಬಿಚ್ಚಿ ಮಾತಾಡುತ್ತಾರೆ. ನಿಮ್ಮ ಏರಿಯಾದ ಗ್ಯಾರೇಜಿನ ಮೆಕ್ಯಾನಿಕ್‌ಗೂ ‘ಈ ಗಾಡಿ ನಿಮ್ಮಲ್ಲಿಗೆ ಯಾವ ರಿಪೇರಿಗೆ ಬರುತ್ತಣ್ಣಾ?’ ಅಂತ ಕೇಳಿ. ಅವರಿಗೆ ಯಾವ ಕಂಪನಿಯ ಹಂಗೂ ಇಲ್ಲ.

ಹಂತ 3: ಮೈಲೇಜ್ ಕೇಳುವ ರೀತಿ

‘ಎಷ್ಟು ಕೊಡುತ್ತೆ?’ ಅಂತ ಕೇಳಿದರೆ ಸಿಗುವುದು ಆ ಗಾಡಿ ಒಂದೇ ಒಂದು ದಿನ ಕೊಟ್ಟ ಅತಿ ಒಳ್ಳೆಯ ಅಂಕಿ. ಅದರ ಬದಲು ಮೂರು ಪ್ರಶ್ನೆ ಕೇಳಿ. ಯಾವ ರಸ್ತೆಯಲ್ಲಿ? ಎಸಿ ಹಾಕಿಕೊಂಡಾ? ಸ್ಕ್ರೀನ್ ಮೇಲೆ ನೋಡಿದ್ದಾ, ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದ್ದಾ?

ಕೊನೆಯ ಪ್ರಶ್ನೆ ಮುಖ್ಯ. ಸ್ಕ್ರೀನ್ ಮೇಲಿನ ಅಂಕಿ ಎಷ್ಟೋ ಗಾಡಿಗಳಲ್ಲಿ ನಿಜಕ್ಕಿಂತ ಜಾಸ್ತಿಯೇ ಇರುತ್ತದೆ. ಸರಿಯಾದ ಲೆಕ್ಕ ಹೀಗೆ: ಬಂಕ್‌ನಲ್ಲಿ ನಳಿಕೆ ತಾನಾಗಿ ‘ಟಕ್’ ಅಂತ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಅದೇ ಬಂಕ್‌ನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಮತ್ತೆ ‘ಟಕ್’ ಅನ್ನುವವರೆಗೆ ತುಂಬಿಸಿ. ಓಡಿದ ಕಿ.ಮೀ. ಅನ್ನು ಈಗ ಹಿಡಿದ ಲೀಟರ್‌ನಿಂದ ಭಾಗಿಸಿ. ಮೂರು ನಾಲ್ಕು ಟ್ಯಾಂಕಿನ ಸರಾಸರಿ ತೆಗೆದರೆ ನಂಬಬಹುದು. ‘ರೌಂಡ್ ಫಿಗರ್ ಮಾಡ್ಲಾ ಸರ್?’ ಅಂತ ಬಂಕಿನ ಹುಡುಗ ಕೇಳಿದರೆ ಬೇಡ ಅನ್ನಿ. ಕುತ್ತಿಗೆವರೆಗೆ ತುಂಬಿಸಿದರೆ ಲೆಕ್ಕವೂ ಕೆಡುತ್ತದೆ, ಟ್ಯಾಂಕಿಗೂ ಒಳ್ಳೆಯದಲ್ಲ.

ಕಂಪನಿ ಹೇಳುವ ಮೈಲೇಜ್ ಸುಳ್ಳು ಅಂತ ಬೈಯುವವರಿದ್ದಾರೆ. ಅದು ಸುಳ್ಳಲ್ಲ, ಆದರೆ ಅದು ನಮ್ಮ ರಸ್ತೆಯ ಅಂಕಿಯೂ ಅಲ್ಲ. ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಗಳು ಈ ಮೈಲೇಜ್ ಅಳೆಯುವುದು ಲ್ಯಾಬಿನಲ್ಲಿ. ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಎಸಿ ಹಾಕದೆ, ಗಂಟೆಗೆ 90 ಕಿ.ಮೀ. ವೇಗ ಮೀರದೆ ಓಡಿಸುತ್ತಾರೆ. ಎಲ್ಲ ಗಾಡಿಗೂ ಒಂದೇ ಪರೀಕ್ಷೆ. ಹಾಗಾಗಿ ಒಂದು ಗಾಡಿಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು ಅದು ಪರವಾಗಿಲ್ಲ. ಹ್ಯುಂಡೈ ಕ್ರೆಟಾ 1.5 ಪೆಟ್ರೋಲ್ ಮ್ಯಾನುಯಲ್‌ಗೆ ಕಂಪನಿ ಹೇಳುವುದು ಲೀಟರಿಗೆ 17.4 ಕಿ.ಮೀ. ಸಿಲ್ಕ್ ಬೋರ್ಡ್ ಕಡೆ ದಿನಾ ಓಡಾಡುವವರು 10–11 ಅನ್ನುತ್ತಾರೆ. ತುಮಕೂರು ರಸ್ತೆಯಲ್ಲಿ 90 ದಾಟದೆ ಹೋಗುವವರು 17 ಸಿಕ್ಕಿತು ಅನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ.

2023ರ ಏಪ್ರಿಲ್‌ಗಿಂತ ಹಿಂದಿನ ಪೆಟ್ರೋಲ್ ಗಾಡಿಯವರು ‘ಈಚೆಗೆ ಮೈಲೇಜ್ ಬಿದ್ದಿದೆ’ ಅಂದರೆ ಅದು ಬರೀ ಭ್ರಮೆ ಅಂದುಕೊಳ್ಳಬೇಡಿ. ಈಗ ಬಂಕ್‌ಗಳಲ್ಲಿ ಸಿಗುವುದು 20% ಎಥನಾಲ್ ಸೇರಿದ ಪೆಟ್ರೋಲ್. ಆ ಹಳೆಯ ಗಾಡಿಗಳಲ್ಲಿ ಹೆಚ್ಚಿನವು ಅದಕ್ಕೆ ಹೊಂದಿಸಿ ಮಾಡಿದವಲ್ಲ. ಅದೇ ಒಂದು ಲೀಟರಿನಲ್ಲಿ ಎಥನಾಲ್‌ಗಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ.

ಹಂತ 4: ಪೆಟ್ರೋಲಾ, ಡೀಸೆಲಾ, ಹೈಬ್ರಿಡ್ಡಾ?

ಮನೆಯಲ್ಲಿ ಜಗಳ ಆಗುವ ಪ್ರಶ್ನೆ ಇದು. ಆದರೆ ಹಂತ 1ರ ಚೀಟಿ ಕೈಯಲ್ಲಿದ್ದರೆ ಜಗಳಕ್ಕೆ ಜಾಗವಿಲ್ಲ. ಒಂದು ಉದಾಹರಣೆ ನೋಡೋಣ. ಪೆಟ್ರೋಲ್ ಲೀಟರಿಗೆ 103 ರೂ., ಡೀಸೆಲ್ 91 ರೂ. ಅಂತ ಹಿಡಿಯಿರಿ. ನಿಜವಾದ ಮೈಲೇಜ್ ಪೆಟ್ರೋಲಿಗೆ 12, ಡೀಸೆಲಿಗೆ 16 ಅಂದುಕೊಳ್ಳಿ. ಪೆಟ್ರೋಲ್ ಗಾಡಿಗೆ ಕಿ.ಮೀ.ಗೆ 8.60 ರೂ., ಡೀಸೆಲ್ ಗಾಡಿಗೆ 5.70 ರೂ. ಬೀಳುತ್ತದೆ. ಉಳಿತಾಯ 2.90 ರೂ.

ಈಗ ಬೆಲೆಗೆ ಬನ್ನಿ. ಶೋರೂಮಿನಲ್ಲಿ ಡೀಸೆಲ್‌ಗೆ 1.5 ಲಕ್ಷ ಜಾಸ್ತಿ ಅಂತಿಟ್ಟುಕೊಂಡರೆ, ಕರ್ನಾಟಕದ ರಸ್ತೆ ತೆರಿಗೆ ಸೇರಿ ಅದು ಹೆಚ್ಚುಕಡಿಮೆ 1.78 ಲಕ್ಷ ಆಗುತ್ತದೆ. ಈ ದುಡ್ಡು ವಾಪಸ್ ಬರಲು 61 ಸಾವಿರ ಕಿ.ಮೀ. ಓಡಬೇಕು. ತಿಂಗಳಿಗೆ 2,000 ಕಿ.ಮೀ. ಓಡಿಸುವವರಿಗೆ ಎರಡೂವರೆ ವರ್ಷ. 700 ಕಿ.ಮೀ. ಓಡಿಸುವವರಿಗೆ ಏಳು ವರ್ಷ ದಾಟುತ್ತದೆ. ಅಷ್ಟು ಹೊತ್ತಿಗೆ ಗಾಡಿಯನ್ನೇ ಮಾರಿರುತ್ತಾರೆ!

ದುಡ್ಡಿನ ಮಾತು ಬಿಟ್ಟರೂ, ದಿನಾ ನಾಲ್ಕೈದು ಕಿ.ಮೀ. ಮಾತ್ರ ಓಡಿಸುವವರಿಗೆ ಈಗಿನ ಹೊಗೆ ನಿಯಮದ (ಬಿಎಸ್6) ಡೀಸೆಲ್ ಬೇಡ ಅಂತಲೇ ನನ್ನ ಸಲಹೆ. ಕಾರಣ ಡಿಪಿಎಫ್. ಹೊಗೆಯ ಮಸಿಯನ್ನು ಹಿಡಿದಿಡುವ ಸೋಸುಬಲೆ ಅದು. ತುಂಬಿದ ಮಸಿಯನ್ನು ಅದು ಒಳಗೇ ಸುಟ್ಟು ಬೂದಿ ಮಾಡಬೇಕು. ಅದಕ್ಕೆ ಸೈಲೆನ್ಸರ್ ದಾರಿ ಚೆನ್ನಾಗಿ ಬಿಸಿಯಾಗಬೇಕು, ಅಂದರೆ ಗಾಡಿ ಒಂದೇ ಸಮನೆ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವ ಓಡಾಟದಲ್ಲಿ ಇದು ಆಗುವುದೇ ಇಲ್ಲ. ಸುಡಲು ಹೊರಟಾಗ ಪ್ರತಿ ಸಲ ಗಾಡಿ ಆಫ್ ಮಾಡಿದರೆ ಮಸಿ ಸುಡಲೆಂದು ಸುರಿದ ಹೆಚ್ಚುವರಿ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತದೆ. ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಡೀಸೆಲ್ ಮಾಲೀಕರು ಸಿಕ್ಕಿದರೆ ‘ಡಿಪಿಎಫ್ ಲೈಟ್ ಎಷ್ಟು ಸಲ ಬಂದಿದೆ?’ ಅಂತ ತಪ್ಪದೆ ಕೇಳಿ. ಮಹೀಂದ್ರಾ ಎಕ್ಸ್‌ಯುವಿ 700, ಸ್ಕಾರ್ಪಿಯೊ ಎನ್ ಡೀಸೆಲ್‌ನಂಥ ಗಾಡಿಗಳಿಗೆ ಹೊಗೆ ಶುದ್ಧ ಮಾಡುವ ಡಿಇಎಫ್ ಅನ್ನುವ ದ್ರವವನ್ನೂ ಆಗಾಗ ತುಂಬಿಸಬೇಕು. ಅದರ ಖರ್ಚನ್ನೂ ಕೇಳಿಕೊಳ್ಳಿ.

ಆದರೆ ಶಿರಾಡಿ, ಚಾರ್ಮಾಡಿ ಘಾಟಿಯನ್ನು ತುಂಬಿದ ಗಾಡಿಯಲ್ಲಿ ಪದೇ ಪದೇ ಹತ್ತುವವರಿಗೆ ಡೀಸೆಲ್ ಎಳೆತದ ರುಚಿ ಬೇರೆಯೇ. ಅದನ್ನು ಯಾವ ಲೆಕ್ಕವೂ ಹೇಳುವುದಿಲ್ಲ.

ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಹೈಬ್ರಿಡ್‌ನ ಕಥೆ ಉಲ್ಟಾ. ಟ್ರಾಫಿಕ್ ಇದ್ದಷ್ಟೂ ಅದಕ್ಕೆ ಲಾಭ. ಬ್ರೇಕ್ ಹಾಕಿದಾಗ ಬ್ಯಾಟರಿ ತುಂಬುತ್ತದೆ, ನಿಂತಾಗ ಎಂಜಿನ್ ಆಫ್ ಆಗಿರುತ್ತದೆ. ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೋಟಾ ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್‌ಗೆ (ಬರೀ ಮೋಟಾರಿನಲ್ಲೂ ಸ್ವಲ್ಪ ದೂರ ಓಡುವ ಬಗೆ) ಕಂಪನಿಯ ಅಂಕಿ 27.97. ಮಾಲೀಕರು ಹೇಳುವುದು ಅದಕ್ಕಿಂತ ಕಡಿಮೆಯೇ, ಆದರೂ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಗಾಡಿಗಳು ಹತ್ತಿರವೂ ಸುಳಿಯಲಾರವು. ಡಿಕ್ಕಿಯ ಜಾಗವನ್ನು ಬ್ಯಾಟರಿ ತಿಂದಿರುತ್ತದೆ. ಊರಿಂದ ಅಕ್ಕಿ, ತೆಂಗಿನಕಾಯಿ ತುಂಬಿಕೊಂಡು ಬರುವವರು ಡಿಕ್ಕಿ ತೆಗೆದು ನೋಡದೆ ಬುಕ್ ಮಾಡಬೇಡಿ.

ಹಂತ 5: ಗಾಡಿ ಕೈಕೊಡುತ್ತದಾ?

ದೂರುಗಳಲ್ಲಿ ಎರಡು ಜಾತಿ. ಸ್ಕ್ರೀನ್ ಹ್ಯಾಂಗ್ ಆಗುವುದು, ಡ್ಯಾಶ್‌ಬೋರ್ಡಿನಿಂದ ಕಿರಕಿರ ಶಬ್ದ, ರಿವರ್ಸ್ ಕ್ಯಾಮೆರಾ ಬಾರದಿರುವುದು, ಇವು ತಲೆನೋವು ಅಷ್ಟೆ. ಗೇರ್‌ಬಾಕ್ಸ್, ಟರ್ಬೊ, ಇಂಜೆಕ್ಟರ್, ಸ್ಟೀರಿಂಗ್ ತೊಂದರೆ ಹಾಗಲ್ಲ. ಜನ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನೀವು ಬೇರೆ ಬೇರೆ ಬರೆದುಕೊಳ್ಳಿ.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗ ಅನಿಸಿದ ಪ್ರಶ್ನೆ ‘ಗಾಡಿ ದಾರಿಯಲ್ಲಿ ಕೆಟ್ಟು ನಿಂತಿದೆಯಾ?’ ಅನ್ನುವುದು. ಆಮೇಲಿನದು ‘ಸರ್ವಿಸ್ ಸೆಂಟರಿನಲ್ಲಿ ಒಂದೇ ಸಲಕ್ಕೆ ಹೆಚ್ಚೆಂದರೆ ಎಷ್ಟು ದಿನ ನಿಂತಿತ್ತು?’ ಅನ್ನುವುದು. ಒಂದು ಸಣ್ಣ ಪಾರ್ಟ್‌ಗೆ ಮೂರು ವಾರ ಕಾದೆ ಅಂತ ಇಬ್ಬರು ಮೂವರು ಹೇಳಿದರೆ ಎಚ್ಚರ. ಗಾಡಿ ಎಷ್ಟೇ ಚೆನ್ನಾಗಿದ್ದರೂ ಪಾರ್ಟ್ ಸಿಗದ ಗಾಡಿ ಮನೆ ಮುಂದಿನ ಅಲಂಕಾರ. ತಾಲ್ಲೂಕು ಊರುಗಳಲ್ಲಿ ಇರುವವರು ಸರ್ವಿಸ್ ಸೆಂಟರ್ ಎಷ್ಟು ದೂರ ಅನ್ನುವುದನ್ನೂ ಇದೇ ಜಾಗದಲ್ಲಿ ಬರೆಯಿರಿ.

ಆಟೊಮ್ಯಾಟಿಕ್ ಬೇಕು ಅನ್ನುವವರು ಗೇರ್‌ಬಾಕ್ಸ್ ಯಾವ ಬಗೆಯದು ಅಂತ ಕೇಳಲೇಬೇಕು. ಒಣ ಕ್ಲಚ್ಚಿನ ಡಿಸಿಟಿ (ಎರಡು ಕ್ಲಚ್ ಇರುವ ಗೇರ್‌ಬಾಕ್ಸ್) ಓಡಿಸಲು ಮಜಾ ಕೊಡುತ್ತದೆ, ಆದರೆ ತೆವಳುವ ಟ್ರಾಫಿಕ್ಕಿನಲ್ಲಿ ಬಿಸಿಯಾಗುವ ದೂರು ಅದಕ್ಕೇ ಜಾಸ್ತಿ. ದ್ರವದ ಮೂಲಕ ಎಳೆತ ದಾಟಿಸುವ ಟಾರ್ಕ್ ಕನ್ವರ್ಟರ್ ಹಳೆಯ ತಂತ್ರ, ಗಟ್ಟಿ. ಗೇರಿನ ಮೆಟ್ಟಿಲುಗಳೇ ಇಲ್ಲದ ಸಿವಿಟಿ ನುಣುಪು. ಮ್ಯಾನುಯಲ್ ಗೇರನ್ನೇ ಯಂತ್ರ ಬದಲಿಸುವ ಎಎಂಟಿ ಅಗ್ಗ, ಗೇರ್ ಬದಲಾಗುವಾಗ ಸ್ವಲ್ಪ ಜಗ್ಗುತ್ತದೆ.

ಎಲ್ಲ ತೊಂದರೆಗೂ ಕಂಪನಿ ಕಾರಣ ಅಲ್ಲ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಬಾನೆಟ್ ಒಳಗೆ ಇಲಿ ಸೇರಿ ವೈರ್ ಕಡಿಯುತ್ತದೆ. ಹೊಗೆಸೊಪ್ಪು ಇಟ್ಟರೆ ಬರುವುದಿಲ್ಲ ಅಂತ ಕೆಲವರು ಆಣೆ ಮಾಡಿ ಹೇಳುತ್ತಾರೆ. ಇಲಿಗಳೂ ಅದನ್ನು ಒಪ್ಪಬೇಕಲ್ಲ!

ಹಂತ 6: ತೆರಿಗೆಯ ಗೆರೆ ನೋಡಿಕೊಳ್ಳಿ

2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಜಿಎಸ್‌ಟಿ ಎರಡೇ ದರ. 4 ಮೀಟರ್ ಒಳಗಿದ್ದು, ಎಂಜಿನ್ ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರದಿದ್ದರೆ 18%. ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ 40%. ಉದ್ದವೊಂದನ್ನೇ ನೋಡಬೇಡಿ. ಮಾರುತಿ ಬ್ರೆಝಾ 4 ಮೀಟರ್ ಒಳಗೇ ಇದೆ, ಆದರೆ ಪೆಟ್ರೋಲ್ ಎಂಜಿನ್ 1,462 ಸಿಸಿ. ಹಾಗಾಗಿ ಅದು 40%ರ ಸಾಲಿಗೆ ಬಿತ್ತು. ಕರ್ನಾಟಕದ ರಸ್ತೆ ತೆರಿಗೆ 5ರಿಂದ 10 ಲಕ್ಷದವರೆಗೆ 14%, 10ರಿಂದ 20 ಲಕ್ಷದವರೆಗೆ 17%, ಅದರ ಮೇಲೆ 18%. ಇದರ ಮೇಲೆ ಸೆಸ್ ಬೇರೆ. ಈ ತೆರಿಗೆ ಪೂರ್ತಿ ಬೆಲೆಗೆ ಬೀಳುವುದರಿಂದ, 10 ಲಕ್ಷದ ಗೆರೆಯನ್ನು ಸುಮ್ನೆ ಒಂದು ಅಲಂಕಾರದ ವೇರಿಯಂಟ್‌ಗಾಗಿ ದಾಟುವುದು ದುಬಾರಿ.

ಹಂತ 7: ಸೆಕೆಂಡ್ ಹ್ಯಾಂಡ್ ಆದರೆ

ಇಲ್ಲಿ ಮಾಲೀಕರ ಮಾತಿಗಿಂತ ಕಾಗದ ಮುಖ್ಯ. ಪ್ರತಿ ಸರ್ವಿಸ್‌ನಲ್ಲೂ ಬರೆದ ಕಿ.ಮೀ. ಸಾಲಾಗಿ ಏರುತ್ತಿದೆಯಾ ನೋಡಿ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರದೆ ದುಡ್ಡು ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ದುಬಾರಿ ಕಾರುಗಳೂ ನೀರಲ್ಲಿ ಮುಳುಗಿದ್ದು ನೆನಪಿದೆಯಾ? ನೀರು ಹೊಕ್ಕ ಗಾಡಿ ಪಾಲಿಶ್ ಆಗಿ ಮಾರಾಟಕ್ಕೆ ಬಂದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಸೀಟ್‌ಬೆಲ್ಟನ್ನು ಪೂರ್ತಿ ಎಳೆಯಿರಿ, ಬುಡದಲ್ಲಿ ಕೆಸರಿನ ಗೆರೆ ಕಾಣುತ್ತಾ ನೋಡಿ. ಸ್ಟೆಪ್ನಿ ಇಡುವ ಗುಂಡಿಯಲ್ಲಿ, ಸೀಟಿನ ಕೆಳಗಿನ ಬೋಲ್ಟ್‌ಗಳಲ್ಲಿ ತುಕ್ಕು ಹುಡುಕಿ. ಮಂಗಳೂರು, ಉಡುಪಿ ಕಡೆ ಓಡಿದ ಗಾಡಿಯಾದರೆ ಜಾಕ್ ಮೇಲೆ ಎತ್ತಿಸಿ ಅಡಿಯನ್ನೇ ನೋಡಬೇಕು, ಉಪ್ಪುಗಾಳಿ ಕೆಲಸ ಮಾಡುವುದು ಅಲ್ಲೇ.

ಹಂತ 8: ಹೊಸದಾದರೆ, ನೋಂದಣಿಗೆ ಮೊದಲು

ಗಾಡಿಯನ್ನು ಯಾರ್ಡಿನಲ್ಲೇ ಹಗಲು ಹೊತ್ತು ನೋಡಿ. ತಯಾರಾದ ತಿಂಗಳು ಕೇಳಿ, ಓಡೋಮೀಟರ್ ನೋಡಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ. 2325 ಅಂತಿದ್ದರೆ 2025ರ 23ನೇ ವಾರ ತಯಾರಾಗಿದ್ದು ಅಂತ. ಐದೂ ಟೈರ್ ನೋಡಿ, ಸ್ಟೆಪ್ನಿಯೂ ಸೇರಿ. ಬಾಗಿಲ ಅಂಚಿನಲ್ಲಿ ಬಣ್ಣದ ಛಾಯೆ ಬೇರೆಯಾಗಿದೆಯಾ, ಗಾಜುಗಳ ಮೇಲಿನ ವರ್ಷ ಒಂದೇ ಇದೆಯಾ ನೋಡಿ. ಏನಾದರೂ ಸರಿಯಿಲ್ಲ ಅನಿಸಿದರೆ ಫೋಟೊ ತೆಗೆದು ಇಮೇಲ್‌ನಲ್ಲಿ ಹಾಕಿ, ಬೇರೆ ಗಾಡಿ ಕೇಳಿ. ನಂಬರ್ ಬಿದ್ದ ಮೇಲೆ ಬದಲಿಸಿ ಕೊಡಿ ಅಂದರೆ ಯಾವ ಡೀಲರೂ ಸುಲಭಕ್ಕೆ ಒಪ್ಪುವುದಿಲ್ಲ.