ವಿಎಸ್ ಕೋಡ್‌ನಲ್ಲಿ ಇಂಡೆಂಟೇಶನ್ ಸರಿಪಡಿಸುವುದು

ಮಡಿಕೇರಿಯಲ್ಲೊಬ್ಬರು, ಪೊನ್ನಂಪೇಟೆಯಲ್ಲೊಬ್ಬರು ಕೂತು ತೋಟದ ಮಳೆ ಲೆಕ್ಕದ ಒಂದೇ ಪೈಥಾನ್ ಫೈಲ್ ತಿದ್ದುತ್ತಿದ್ದೀರಾ? ಸಾಲಿನ ಮೊದಲಿಗೆ ಬಿಡುವ ಖಾಲಿ ಜಾಗಕ್ಕೆ (ಇಂಡೆಂಟೇಶನ್) ಒಬ್ಬರದ್ದು ಟ್ಯಾಬ್, ಇನ್ನೊಬ್ಬರದ್ದು ಸ್ಪೇಸ್ ಆದರೆ ಸಾಲುಗಳು ನೇರ ಕಂಡರೂ ಪೈಥಾನ್ 3 ‘ಟ್ಯಾಬ್‌ಎರರ್’ ಕೊಟ್ಟು ನಿಂತುಬಿಡಬಹುದು.

ಕೋಡ್ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ ಮತ್ತು ಕಾಮಾ ಒಟ್ಟಿಗೆ ಒತ್ತಿ ಸೆಟ್ಟಿಂಗ್ಸ್ ತೆರೆಯಿರಿ. ‘ಟ್ಯಾಬ್ ಸೈಜ್’ 4 ಇರಲಿ, ‘ಇನ್ಸರ್ಟ್ ಸ್ಪೇಸಸ್’ ಆನ್ ಇರಲಿ, ‘ಆಟೋ ಇಂಡೆಂಟ್’ ಅನ್ನು ‘ಫುಲ್’ ಮಾಡಿ.

ಇಷ್ಟಾದರೂ ಬದಲಾಗಲಿಲ್ಲವೇ? ಹೆಚ್ಚಾಗಿ ಕಾರಣ ‘ಡಿಟೆಕ್ಟ್ ಇಂಡೆಂಟೇಶನ್’. ಅದು ಫೈಲ್ ತೆರೆದ ಕೂಡಲೇ ಒಳಗಿನ ಸಾಲುಗಳನ್ನು ನೋಡಿ ನಿಮ್ಮ ಆಯ್ಕೆಯನ್ನು ಬದಿಗೊತ್ತುತ್ತದೆ. ಬೇರೆಯವರ ಕೋಡ್ ತಿದ್ದುವಾಗ ಇದು ನಿಜಕ್ಕೂ ಉಪಕಾರಿ. ನಿಮ್ಮದೇ ಪ್ರಾಜೆಕ್ಟ್‌ನಲ್ಲಿ ಆಫ್ ಮಾಡಿ.

ಹಳೆಯ ಸಾಲುಗಳು ಮಾತ್ರ ತಾವಾಗಿ ಬದಲಾಗವು. ಕೆಳಗೆ ಬಲಬದಿಯ ‘ಸ್ಪೇಸಸ್’ ಅಥವಾ ‘ಟ್ಯಾಬ್ ಸೈಜ್’ ಒತ್ತಿ, ‘ಕನ್ವರ್ಟ್ ಇಂಡೆಂಟೇಶನ್ ಟು ಸ್ಪೇಸಸ್’ ಆರಿಸಿ. ‘ರೆಂಡರ್ ವೈಟ್‌ಸ್ಪೇಸ್’ ಅನ್ನು ‘ಆಲ್’ ಮಾಡಿದರೆ ಸ್ಪೇಸ್ ಚುಕ್ಕಿಯಾಗಿ, ಟ್ಯಾಬ್ ಬಾಣವಾಗಿ ಕಾಣುತ್ತದೆ.

ಪ್ರೋಗ್ರಾಂ ಕಟ್ಟುವ ಆದೇಶಗಳಿರುವ ಮೇಕ್‌ಫೈಲ್‌ಗೆ ಹೀಗೆ ಮಾಡಲೇಬೇಡಿ, ಅಲ್ಲಿ ಆದೇಶದ ಸಾಲಿನ ಮೊದಲಿಗೆ ಟ್ಯಾಬ್ ಬೇಕೇ ಬೇಕು. ಸೆಟ್ಟಿಂಗ್ಸ್ ಬರೆದಿಡಲು ಬಳಸುವ ಯಾಮಲ್ (YAML) ಫೈಲ್‌ನಲ್ಲಿ ಇಂಡೆಂಟೇಶನ್‌ಗೆ ಟ್ಯಾಬ್ ನಿಷಿದ್ಧ.

ಇಬ್ಬರಿಗೂ ಒಂದೇ ನಿಯಮ ಬೇಕಾದರೆ ಪ್ರಾಜೆಕ್ಟ್‌ನ ಮೂಲ ಫೋಲ್ಡರ್‌ನಲ್ಲಿ ಈ ನಿಯಮಗಳನ್ನು ಬರೆದಿಡುವ ಎಡಿಟರ್‌ಕಾನ್ಫಿಗ್ (.editorconfig) ಫೈಲ್ ಇಡಿ. ಇದಕ್ಕೆ ವಿಎಸ್ ಕೋಡ್‌ನಲ್ಲಿ ಅದೇ ಹೆಸರಿನ ಎಕ್ಸ್‌ಟೆನ್ಶನ್ ಬೇಕು. ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುವ ಮೊದಲೇ ಹಾಕಿಕೊಳ್ಳಿ.